ಹೊಟ್ಟೆಯ ಮೇಲಿನ ಚೀಲದ ಚರಿತ್ರೆ

ಮಾರ್ಗರೆಟ್ ವೈಟ್ ಎಂಬ ಹೆಂಗಸಿಗೆ ಆಗ 73 ವರ್ಷ. 50ನೇ ವಯಸ್ಸಿನಿಂದಲೇ ಆಕೆಯ ಹೊಕ್ಕುಳಲ್ಲಿ ಹರ್ನಿಯಾದ ಗಂಟು ಇತ್ತು. ಒಮ್ಮೆ ಹೊಟ್ಟೆನೋವು, ವಾಂತಿ ಹತ್ತಿಕೊಂಡು ಆ ಗಂಟು ಒಡೆದು ಕರುಳು ಹೊರಬಂತು. ಬಂದ ಕರುಳು ಕೊಳೆಯಿತು. ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಚೆಸೆಲ್ಡನ್ ಕೊಳೆತ 26 ಅಂಗುಲವನ್ನು ಕತ್ತರಿಸಿ ತೆಗೆದು, ಉಳಿದ ತುದಿಯನ್ನು ಹೊಕ್ಕುಳಲ್ಲೇ ಬಿಟ್ಟ. ಅರಿವಳಿಕೆ ಇನ್ನೂ ಬಂದಿರಲಿಲ್ಲ. ಗಾಯ ಯಾಕೆ ಕೀವಾಗುತ್ತದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಆದರೂ ಆ ಮುದುಕಿ ಬದುಕಿಕೊಂಡಳು. ಮಲ ಹೊಕ್ಕುಳಿನಿಂದಲೇ ಹೋಗುತ್ತಿತ್ತು, ಹಾಗೆಯೇ ಅನೇಕ ವರ್ಷ ಬಾಳಿದಳು. ಚೆಸೆಲ್ಡನ್ ತನ್ನ ಅಂಗರಚನೆಯ ಪುಸ್ತಕದ 1750ರ ಆವೃತ್ತಿಯಲ್ಲಿ ಇದನ್ನು ಬರೆದಿಟ್ಟಿದ್ದಾನೆ.

ಆಕೆಯದು ಕ್ಯಾನ್ಸರ್ ಅಲ್ಲ. ಆದರೂ ಸರ್ಜಿಕಲ್ ವಾರ್ಡಿನಲ್ಲಿ ನರ್ಸಾಗಿ ಕೂದಲು ಹಣ್ಣು ಮಾಡಿಕೊಂಡ ನನಗೆ ದೊಡ್ಡಕರುಳಿನ ಕ್ಯಾನ್ಸರಿನ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವವಳು ಈ ಅಜ್ಜಿಯೇ. ವಾರ್ಡಿನ ಬಾಗಿಲಲ್ಲಿ ಮಕ್ಕಳು, ಸೊಸೆಯಂದಿರು ನನ್ನನ್ನು ಪಕ್ಕಕ್ಕೆ ಕರೆದು, "ಎಪ್ಪತ್ತೈದಾಯ್ತು ಸಿಸ್ಟರ್, ಈ ವಯಸ್ಸಲ್ಲಿ ಕೊಯ್ಸೋದ್ಯಾಕೆ, ಇರೋಷ್ಟು ದಿನ ನೆಮ್ಮದಿಯಾಗಿರ್ಲಿ ಬಿಡಿ" ಅನ್ನುತ್ತಿದ್ದರು. ಆ ಮಾತಿನಲ್ಲಿ ಪ್ರೀತಿ ಇಲ್ಲವೆಂದು ನಾನು ಹೇಳಲಾರೆ. ಆದರೆ ಹಾಸಿಗೆಯ ಮೇಲಿದ್ದ ಅಜ್ಜನನ್ನೋ ಅಜ್ಜಿಯನ್ನೋ ಯಾರೂ ಕೇಳುತ್ತಿರಲಿಲ್ಲ. ದೊಡ್ಡಕರುಳಿನ ಕ್ಯಾನ್ಸರ್ ಬಹುಮಟ್ಟಿಗೆ ವಯಸ್ಸಾದವರ ರೋಗ. ಅದಕ್ಕೆ ಮದ್ದು ಹುಡುಕಿದವರ ಚರಿತ್ರೆಯಲ್ಲಿ ಮಾತ್ರ ವಯಸ್ಸಾದವರಿಗೆ ಎಂದೂ ಕೊನೆಯ ಸಾಲು. ಇದು ನನ್ನನ್ನು ಬಹಳ ಕಾಲ ಕಾಡಿದ ವಿಷಯ.

ಕರುಳು ಕಟ್ಟಿಕೊಂಡರೆ ಏನು ಮಾಡಬೇಕು ಎಂಬ ಪ್ರಶ್ನೆ ನಮ್ಮ ನೆಲದಲ್ಲೂ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಹೊಟ್ಟೆಯನ್ನು ಕೊಯ್ದು, ಕರುಳನ್ನು ಹೊರತೆಗೆದು ಅಡ್ಡಿಯನ್ನು ನಿವಾರಿಸಿ, ತೂತಾದ ಕಡೆ ಕಪ್ಪಿರುವೆಗಳಿಂದ ಕಚ್ಚಿಸಿ, ಅವುಗಳ ತಲೆಯನ್ನು ಅಲ್ಲೇ ಉಳಿಸಿ ಗಾಯ ಮುಚ್ಚುವ ವಿಧಾನವಿದೆ. ಆದರೆ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಬೇಕೆಂದೇ ತೆರೆದಿಡುವ ಯೋಚನೆ ಹುಟ್ಟಿದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ.

1776ರಲ್ಲಿ ರೂಆನ್ ಊರಿನ ವೈದ್ಯ ಪಿಲೋರ್ ಬಳಿಗೆ ಮೊರೆಲ್ ಎಂಬ ದ್ರಾಕ್ಷಾರಸದ ವ್ಯಾಪಾರಿ ಬಂದ. ಮಲಾಶಯದ ಗೆಡ್ಡೆಯಿಂದ ದಾರಿ ಪೂರ್ತಿ ಮುಚ್ಚಿಹೋಗಿತ್ತು. ಭಾರಕ್ಕೆ ಅಡ್ಡಿ ಸರಿದೀತು ಎಂಬ ನಂಬಿಕೆಯಲ್ಲಿ ಅವನಿಗೆ ಸುಮಾರು ಎರಡು ಪೌಂಡ್ ಪಾದರಸ ಕುಡಿಸಲಾಗಿತ್ತು. ಅದು ಕೆಳಗಿಳಿಯಲಿಲ್ಲ. ಆಗ ಪಿಲೋರ್ ಬಲಗಡೆ ಹೊಟ್ಟೆ ಕೊಯ್ದು, ದೊಡ್ಡಕರುಳು ಶುರುವಾಗುವ ಕಡೆ ತೂತು ಮಾಡಿ ಚರ್ಮಕ್ಕೆ ಹೊಲಿದ. ಹೊಟ್ಟೆ ಇಳಿಯಿತು, ರೋಗಿಗೆ ಉಸಿರು ಬಂತು. ತೂತಿನ ಮೇಲೆ ಸ್ಪಂಜು ಇಟ್ಟು ಪಟ್ಟಿ ಬಿಗಿದರು. ಆದರೆ 28ನೇ ದಿನ ಅವನು ತೀರಿಕೊಂಡ. ಶವಪರೀಕ್ಷೆಯಲ್ಲಿ ನೋಡಿದರೆ ಪಿಲೋರ್ ಹಾಕಿದ ಹೊಲಿಗೆ ಸರಿಯಾಗಿಯೇ ಇತ್ತು. ಸಣ್ಣಕರುಳಲ್ಲಿ ಕೂತಿದ್ದ ಪಾದರಸ ಕರುಳನ್ನು ಕೊಳೆಯಿಸಿತ್ತು. ಮದ್ದೆಂದು ಕುಡಿಸಿದ್ದೇ ಅವನ ಪ್ರಾಣ ತೆಗೆದಿತ್ತು.

1793ರಲ್ಲಿ ಬ್ರೆಸ್ಟ್ ಎಂಬಲ್ಲಿ ದ್ಯುರೆ ಎಂಬ ವೈದ್ಯ ಗುದದ್ವಾರವೇ ಇಲ್ಲದೆ ಹುಟ್ಟಿದ ಮೂರು ದಿನದ ಮಗುವಿಗೆ ಎಡಗಡೆ ಇಂಥದ್ದೇ ದಾರಿ ಮಾಡಿಕೊಟ್ಟ. ಆ ಮಗು ಬೆಳೆದು 45 ವರ್ಷ ಬದುಕಿತು. ಆ ಆಪರೇಷನ್ ಆದ ಎರಡು ವರ್ಷಕ್ಕೆ, ಗಾಡಿಯಿಂದ ಬಿದ್ದು ಮರದ ಗೂಟ ಹೊಟ್ಟೆಗೆ ಚುಚ್ಚಿಸಿಕೊಂಡ ಒಬ್ಬ ರೈತನಿಗೂ ಹೀಗೇ ಮಾಡಬೇಕಾಯಿತು. ಅವನು 81ರ ತನಕ ಇದ್ದ. ಬಾಯಿಗೆ ದಾರ ಪೋಣಿಸಿದ ಸಣ್ಣ ತೊಗಲಿನ ಚೀಲದಲ್ಲಿ ಮಲ ಹಿಡಿದುಕೊಳ್ಳುತ್ತಿದ್ದ. ಕರುಳಿಗೆ ಕಟ್ಟುವ ಚೀಲದ ಚರಿತ್ರೆಯಲ್ಲಿ ನನಗೆ ಗೊತ್ತಿರುವ ಮೊದಲ ಚೀಲ ಇದೇ. ವೈದ್ಯರು ತೂತು ಮಾಡಿದ ಮೇಲೆ ತಮ್ಮ ಕೆಲಸ ಮುಗಿಯಿತೆಂದು ಹೋದರು. ಆಮೇಲಿನ ದಿನಗಳನ್ನು ಹೇಗೆ ಕಳೆಯಬೇಕು ಎಂಬುದನ್ನು ರೋಗಿಯೇ ಕಂಡುಕೊಳ್ಳಬೇಕಾಯಿತು. ಮುಂದಿನ ನೂರೈವತ್ತು ವರ್ಷವೂ ಹೆಚ್ಚುಕಡಿಮೆ ಇದೇ ಪಾಡು.

ಪ್ಯಾರಿಸ್ಸಿನ ಹೆಸರಾಂತ ವೈದ್ಯ ಬ್ರೂಸೆ 1838ರಲ್ಲಿ, 65ರ ವಯಸ್ಸಿನಲ್ಲಿ, ಮಲಾಶಯದ ಕ್ಯಾನ್ಸರಿನಿಂದ ಕರುಳು ಮುಚ್ಚಿ ಸತ್ತ. ಆ ಸಾವು ಆಮ್ಯುಸ್ಸಾ ಎಂಬ ಶಸ್ತ್ರವೈದ್ಯನನ್ನು ಕಲಕಿತು. ಅವನು ಹಳೆಯ ದಾಖಲೆಗಳನ್ನೆಲ್ಲ ಕೂಡಿಹಾಕಿ, ಹೊಟ್ಟೆಯ ಒಳಪೊರೆಯನ್ನು ಮುಟ್ಟದೆ ಬೆನ್ನ ಪಕ್ಕದಿಂದ ಕರುಳು ತೆರೆಯುವ ದಾರಿಯನ್ನು 1839ರಲ್ಲಿ ಸಾರಿದ. ಒಳಪೊರೆಗೆ ಕತ್ತರಿ ತಗುಲಿದರೆ ಸಾವೇ ಗತಿ ಎಂಬ ಭಯದ ಕಾಲ ಅದು. ಲಿಯೊನ್ನಿನ ರೇಬಾರ್ 1833ರಲ್ಲೇ ಗೆಡ್ಡೆಯಿದ್ದ ಕರುಳಿನ ಭಾಗವನ್ನು ಕತ್ತರಿಸಿ ಎರಡು ತುದಿಗಳನ್ನು ಜೋಡಿಸಿದ್ದ. ಅವನ ರೋಗಿ 28ರ ಯುವಕ, ಸುಮಾರು ಒಂದು ವರ್ಷ ಬದುಕಿದ. ಮುದುಕರಿಗೆ ಅಂಥದ್ದನ್ನು ಮಾಡುವ ಯೋಚನೆಯೂ ಯಾರಿಗೂ ಬಂದಂತಿಲ್ಲ.

1846ರಲ್ಲಿ ಅರಿವಳಿಕೆಗೆ ಈಥರ್, 1867ರಲ್ಲಿ ಗಾಯ ಕೀವಾಗದಂತೆ ತಡೆಯಲು ಲಿಸ್ಟರನ ಕಾರ್ಬಾಲಿಕ್ ಆಸಿಡ್ ಬಂದ ಮೇಲೆ ಶಸ್ತ್ರವೈದ್ಯರ ಕೈಗೆ ಧೈರ್ಯ ಬಂತು. ಲಂಡನ್ನಿನ ಅರ್ನೆಸ್ಟ್ ಮೈಲ್ಸ್ 1908ರಲ್ಲಿ ಬರೆದ ಲೇಖನವನ್ನು ಇಂದಿಗೂ ಸರ್ಜನ್ನರು ನೆನೆಯುತ್ತಾರೆ. ಮಲಾಶಯದ ಗೆಡ್ಡೆಯನ್ನು ಕೆಳಗಿನಿಂದಷ್ಟೇ ತೆಗೆದ ತನ್ನ 57 ರೋಗಿಗಳಲ್ಲಿ 54 ಮಂದಿಗೆ ರೋಗ ಮರಳಿ ಬಂದಿದೆ ಎಂದು ಅವನು ಮುಚ್ಚುಮರೆಯಿಲ್ಲದೆ ಬರೆದ. ಅದಕ್ಕೇ ಹೊಟ್ಟೆಯಿಂದಲೂ ಕೆಳಗಿನಿಂದಲೂ ಕೊಯ್ದು, ಮಲಾಶಯವನ್ನು ಸುತ್ತಲಿನ ದುಗ್ಧಗ್ರಂಥಿಗಳ ಸಮೇತ ಪೂರ್ತಿ ತೆಗೆದು, ಎಡಹೊಟ್ಟೆಯ ಮೇಲೆ ಶಾಶ್ವತ ಕೊಲೊಸ್ಟಮಿ, ಅಂದರೆ ದೊಡ್ಡಕರುಳಿಗೆ ತೆರೆದ ಬಾಯಿ, ಮಾಡುವ ಆಪರೇಷನ್ ಕಟ್ಟಿದ. ಮೊದಲ 12 ರೋಗಿಗಳಲ್ಲಿ ಐವರು ಸತ್ತರು. ಗಟ್ಟಿಮುಟ್ಟಾದ ಮೈಯಷ್ಟೇ ತಡೆಯಬಲ್ಲ ಆಪರೇಷನ್ ಅದು.

ಹಾಗಾದರೆ ತಡೆಯಲಾರದವರಿಗೆ? ಇಲ್ಲಿ ನಾನು ಗೌರವದಿಂದ ನೆನೆಯುವ ಹೆಸರು ಪ್ಯಾರಿಸ್ಸಿನ ಆನ್ರಿ ಹಾರ್ಟ್‌ಮನ್. 1921ರಲ್ಲಿ ಸ್ಟ್ರಾಸ್‌ಬರ್ಗಿನ ಸಮ್ಮೇಳನದಲ್ಲಿ ಅವರು ಇಬ್ಬರೇ ರೋಗಿಗಳ ವಿಷಯ ಹೇಳಿದರು. ಇಬ್ಬರಿಗೂ ಎಡಗಡೆಯ ಕರುಳಲ್ಲಿ ಗೆಡ್ಡೆ ಅಡ್ಡಬಿದ್ದಿತ್ತು. ಹಾರ್ಟ್‌ಮನ್ ಗೆಡ್ಡೆಯ ಭಾಗವನ್ನಷ್ಟೇ ತೆಗೆದು, ಕೆಳಗಿನ ತುದಿಯನ್ನು ಹೊಲಿದು ಒಳಗೇ ಬಿಟ್ಟು, ಮೇಲಿನ ತುದಿಯನ್ನು ಹೊಟ್ಟೆಯ ಮೇಲೆ ತಂದರು. ಕರುಳನ್ನು ಕರುಳಿಗೆ ಜೋಡಿಸುವ ಗೋಜಿಲ್ಲ, ಆ ಜೋಡಣೆ ಸೋರಿ ಹೊಟ್ಟೆಯೆಲ್ಲ ಕೀವಾಗುವ ಭಯವಿಲ್ಲ. ಇಂದಿಗೂ ನಡುರಾತ್ರಿ ಹೊಟ್ಟೆ ಉಬ್ಬಿಕೊಂಡು, ವಾಂತಿ ಮಾಡಿಕೊಳ್ಳುತ್ತ 80ರ ಅಜ್ಜನೊಬ್ಬ ಕ್ಯಾಶುವಾಲ್ಟಿಗೆ ಬಂದರೆ ಡ್ಯೂಟಿ ಸರ್ಜನ್ "ಹಾರ್ಟ್‌ಮನ್ಸ್ ಮಾಡೋಣ, ಥಿಯೇಟರ್ ರೆಡಿ ಮಾಡಿ" ಅನ್ನುತ್ತಾರೆ. ನೂರು ವರ್ಷ ದಾಟಿದ ಈ ಆಪರೇಷನ್ ಉಳಿಸಿದ ಮುದಿಜೀವಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

1932ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್‌ಬರ್ಟ್ ಡ್ಯೂಕ್ಸ್ ಗೆಡ್ಡೆ ಕರುಳಿನ ಗೋಡೆಯೊಳಗೇ ಇದೆಯೇ, ಗೋಡೆ ದಾಟಿದೆಯೇ, ಗ್ರಂಥಿಗಳಿಗೆ ಹೋಗಿದೆಯೇ ಎಂದು ನೋಡಿ ಎ, ಬಿ, ಸಿ ಎಂದು ಹೆಸರಿಟ್ಟರು. ಗೋಡೆಯೊಳಗಿದ್ದಾಗ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ ಎಂಬುದು ಅಂದಿನಿಂದ ಲೆಕ್ಕಸಮೇತ ಗೊತ್ತಾಯಿತು.

ಇನ್ನು ಚೀಲದ ವಿಷಯ. ಇದು ಸರ್ಜನ್ನರ ಪುಸ್ತಕಗಳಲ್ಲಿ ಅಡಿಟಿಪ್ಪಣಿಯಂತೆ ಬರುತ್ತದೆ. ನನ್ನ ಮಟ್ಟಿಗೆ ಇದೇ ಮುಖ್ಯ ಅಧ್ಯಾಯ. 20ನೇ ಶತಮಾನದ ಅರ್ಧ ಕಳೆಯುವವರೆಗೂ ಬಟ್ಟೆಯ ಪಟ್ಟಿ, ಲೋಹದ ಬಟ್ಟಲು, ಬೆಲ್ಟಿನಿಂದ ಕಟ್ಟುವ ರಬ್ಬರ್ ಚೀಲ ಇಷ್ಟೇ. ರಬ್ಬರ್ ಚೀಲವನ್ನು ತೊಳೆದು ಮತ್ತೆ ಮತ್ತೆ ಬಳಸಬೇಕು, ಎಷ್ಟು ತೊಳೆದರೂ ವಾಸನೆ ಹೋಗದು. ಸೋರಿದ ಮಲ ಚರ್ಮವನ್ನು ಸುಡುತ್ತದೆ. ಸುಟ್ಟ ಚರ್ಮಕ್ಕೆ ಯಾವ ಚೀಲವೂ ಅಂಟದು. ಅಂಟದಿದ್ದರೆ ಮತ್ತೆ ಸೋರುತ್ತದೆ. ಈ ಸುತ್ತಿನಲ್ಲಿ ಸಿಕ್ಕವರು ಮನೆಯ ಮೂಲೆ ಸೇರುತ್ತಿದ್ದರು.

ಈ ಸುತ್ತನ್ನು ಮುರಿದದ್ದರಲ್ಲಿ ನಮ್ಮ ಕಾಡಿನದೂ ಪಾಲಿದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಸರ್ಜನ್ ರೂಪರ್ಟ್ ಟರ್ನ್‌ಬುಲ್ 1950ರ ದಶಕದ ಆರಂಭದಲ್ಲಿ ಕರಾಯ ಗೋಂದಿನ ಪುಡಿಯನ್ನು ಸ್ಟೋಮಾದ, ಅಂದರೆ ಹೊಟ್ಟೆಯ ಮೇಲೆ ತೆರೆದಿಟ್ಟ ಕರುಳಿನ ಬಾಯಿಯ, ಸುತ್ತ ಹಾಕಿ ನೋಡಿದರು. ಹಲ್ಲಿನ ಸೆಟ್ಟು ಕೂರಿಸಲು ಬಳಸುತ್ತಿದ್ದ ಪುಡಿ ಅದು. ಒದ್ದೆಯನ್ನು ಹೀರಿ, ಅಂಟಾಗಿ, ಚರ್ಮಕ್ಕೆ ರಕ್ಷೆಯಾಗುತ್ತಿತ್ತು. ಈ ಗೋಂದು ಆಂಧ್ರ, ಮಧ್ಯಪ್ರದೇಶ, ಗುಜರಾತಿನ ಒಣಕಾಡುಗಳ ಮರದ್ದು. ಆದಿವಾಸಿಗಳು ತೊಗಟೆ ಗೀರಿ, ಒಸರಿ ಗಟ್ಟಿಯಾದದ್ದನ್ನು ಬಿಡಿಸಿ ತರುತ್ತಾರೆ. ಆ ಗೋಂದು ಹಡಗು ಹತ್ತಿ ಹೋಗಿ ಪರದೇಶದ ರೋಗಿಗಳ ಹೊಟ್ಟೆಯ ಚರ್ಮ ಕಾಯಿತು. ಅದೇ ಹೊತ್ತಿನಲ್ಲಿ, ಆಮೇಲೂ ಎಷ್ಟೋ ವರ್ಷ, ನಮ್ಮ ವಾರ್ಡುಗಳಲ್ಲಿ ಹತ್ತಿ, ಗಾಜ್, ಜಿಂಕ್ ಆಕ್ಸೈಡ್ ಮುಲಾಮು ಬಿಟ್ಟರೆ ಬೇರೇನೂ ಇರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಟರ್ನ್‌ಬುಲ್ ಇನ್ನೊಂದು ದೊಡ್ಡ ಕೆಲಸ ಮಾಡಿದರು. ತಮ್ಮದೇ ರೋಗಿ ನಾರ್ಮಾ ಗಿಲ್ ಅವರನ್ನು 1958ರಲ್ಲಿ ಕೆಲಸಕ್ಕೆ ಕರೆದರು. ಆಕೆ ನರ್ಸ್ ಅಲ್ಲ, ಡಾಕ್ಟರೂ ಅಲ್ಲ. ಕರುಳಿನ ಹುಣ್ಣಿನಿಂದ ನರಳಿ ತಾನೇ ಸ್ಟೋಮಾ ಮಾಡಿಸಿಕೊಂಡಿದ್ದ ಗೃಹಿಣಿ. ಕ್ಯಾನ್ಸರಿನಿಂದ ಕೊಲೊಸ್ಟಮಿಯಾಗಿದ್ದ ತನ್ನ ಅಜ್ಜಿಯ ಆರೈಕೆಯನ್ನೂ ಮಾಡಿದ್ದವರು. ರೋಗಿಯ ಹಾಸಿಗೆಯ ಪಕ್ಕ ಕೂತು, "ನನಗೂ ಇದೆ, ನೋಡಿ, ನಾನು ಓಡಾಡಿಕೊಂಡಿದ್ದೇನೆ" ಎನ್ನಬಲ್ಲವರು. 1961ರಲ್ಲಿ ಅದೇ ಕ್ಲಿನಿಕ್ಕಿನಲ್ಲಿ ಈ ಆರೈಕೆಯನ್ನು ಕಲಿಸುವ ಶಾಲೆ ಶುರುವಾಯಿತು. ನಾನು ಮಾಡಿದ ಸ್ಟೋಮಾ ಆರೈಕೆಯ ವೃತ್ತಿ ಹುಟ್ಟಿದ್ದು ಅಲ್ಲಿ, ಒಬ್ಬ ರೋಗಿಯ ಅನುಭವದಿಂದ.

ಡೆನ್ಮಾರ್ಕಿನ ಎಲಿಸ್ ಸೋರೆನ್ಸೆನ್ ಮಾತ್ರ ನರ್ಸ್. ಆಕೆಯ ತಂಗಿ ಥೋರಾಗೆ ಸ್ಟೋಮಾ ಆಗಿತ್ತು. ಸೋರಿಬಿಟ್ಟರೆ ಏನು ಗತಿಯೆಂದು ಥೋರಾ ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. 1954ರಲ್ಲಿ ಎಲಿಸ್‌ಗೆ ಹೊಳೆದದ್ದು ಇಷ್ಟು: ತೆಳ್ಳನೆ ಪ್ಲಾಸ್ಟಿಕ್ ಚೀಲಕ್ಕೆ ಅಂಟಿನ ಉಂಗುರ ಕೂರಿಸಿದರೆ ನೇರವಾಗಿ ಚರ್ಮಕ್ಕೆ ಹಚ್ಚಬಹುದು, ಬಳಸಿ ಎಸೆಯಬಹುದು. ತಯಾರಕರು ಒಪ್ಪಲಿಲ್ಲ. ಪ್ಲಾಸ್ಟಿಕ್ ಕಾರ್ಖಾನೆಯ ಒಡೆಯ ಆಗೆ ಲೂಯಿಸ್ ಹ್ಯಾನ್ಸನ್ ಕೂಡ ಮೊದಲು ಬೇಡವೆಂದರು. ಅವರ ಹೆಂಡತಿ ಯೊಹಾನ್ನೆ ನರ್ಸ್ ಆಗಿದ್ದವರು. ಈ ಚೀಲದ ಬೆಲೆ ಅವರಿಗೆ ಅರ್ಥವಾಯಿತು, ಗಂಡನನ್ನು ಒಪ್ಪಿಸಿದರು. ಮೊದಲು 1,000 ಚೀಲ ತಯಾರಾದವು. 1957ರಲ್ಲಿ ಕೊಲೊಪ್ಲಾಸ್ಟ್ ಕಂಪನಿಯೇ ಹುಟ್ಟಿತು. ಇಬ್ಬರು ನರ್ಸಮ್ಮಂದಿರು ಹಟ ಹಿಡಿಯದಿದ್ದರೆ ಈ ಚೀಲ ಇನ್ನೆಷ್ಟು ಕಾಲ ತಡವಾಗುತ್ತಿತ್ತೋ.

ನಮ್ಮಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ ತೆರೆಯಿತು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಬಂದದ್ದು 1973ರಲ್ಲಿ. ಸ್ಟೋಮಾ ಇರುವವರ ಸಂಘ 1970ರ ದಶಕದಲ್ಲಿ ಮುಂಬೈನಲ್ಲಿ ಕಣ್ಣುಬಿಟ್ಟಿತು. 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಶುರುವಾಗಿ, ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಕ್ಯಾನ್ಸರ್ ಎಂಬುದು ವರ್ಷ ವರ್ಷ ಬರಹದಲ್ಲಿ ಸಿಗತೊಡಗಿತು. ಪಶ್ಚಿಮದ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಕಡಿಮೆ. ಕಡಿಮೆಯಾದ್ದರಿಂದಲೇ ಯಾರ ಗಮನಕ್ಕೂ ಬೀಳದೆ ಬೆಳೆಯುತ್ತದೆ.

ನಾನು ಕೆಲಸಕ್ಕೆ ಸೇರಿದ ಆಸ್ಪತ್ರೆಯಲ್ಲಿ ಚೀಲ ಎಂಬುದು ಹೊರಗಿನಿಂದ ಕೊಂಡು ತರುವ ವಸ್ತು. ಕೊಳ್ಳಲಾಗದವರು ಹಾಲಿನ ಕವರನ್ನು ತೊಳೆದು, ಒಣಗಿಸಿ, ಬಾಯಿ ಕತ್ತರಿಸಿ ಪ್ಲಾಸ್ಟರ್ ಹಚ್ಚಿ ಕಟ್ಟಿಕೊಳ್ಳುತ್ತಿದ್ದರು. ಪ್ಲಾಸ್ಟರ್ ಕೀಳುವಾಗ ಮುದಿ ಚರ್ಮ ಅದರ ಜೊತೆಗೇ ಬರುತ್ತಿತ್ತು. ವಯಸ್ಸಾದವರ ಚರ್ಮ ತೆಳು, ಕೈ ನಡುಗುತ್ತದೆ, ಕಣ್ಣು ಮಂಜು. ಮುಂಬೈಗೆ ಹೋಗಿ ಸ್ಟೋಮಾ ಆರೈಕೆ ಕಲಿತು ಬಂದ ಮೇಲೆ ನನಗೆ ಮನವರಿಕೆಯಾದದ್ದು, ಆಪರೇಷನ್ನಿಗೆ ಮುಂಚೆಯೇ ಜಾಗ ಗುರುತು ಮಾಡುವುದು ಅರ್ಧ ಚಿಕಿತ್ಸೆ ಎಂದು. ಅಜ್ಜನನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಬೇಕು. ಪಂಚೆ ಎಲ್ಲಿ ಕಟ್ಟುತ್ತಾರೆ, ಅಜ್ಜಿ ಸೀರೆಯ ನೆರಿಗೆ ಎಲ್ಲಿ ಸಿಕ್ಕಿಸುತ್ತಾರೆ ಎಂದು ಕೇಳಬೇಕು. ಹೊಟ್ಟೆಯ ಮಡಿಕೆಯಲ್ಲಿ ಬರದಂತೆ, ಅವರ ಕಣ್ಣಿಗೆ ಕಾಣುವ ಕಡೆ ಮಾರ್ಕರಿನಿಂದ ಗುರುತು ಹಾಕಬೇಕು. ಮಲಗಿಸಿ ಗುರುತು ಹಾಕಿದರೆ, ಎದ್ದು ಕೂತಾಗ ಅದು ಹೊಟ್ಟೆಯ ಕೆಳಗೆ ಅಡಗಿಬಿಡುತ್ತದೆ.

ಆಪರೇಷನ್ ಆದ ಮೇಲೆ ಸ್ಟೋಮಾ ತುಟಿಯ ಒಳಭಾಗದ ಹಾಗೆ ಕೆಂಪಗೆ, ಒದ್ದೆಯಾಗಿರಬೇಕು. ಕಪ್ಪಾದರೆ ತಕ್ಷಣ ಸರ್ಜನ್ನರಿಗೆ ಹೇಳಬೇಕು. ಮುಟ್ಟಿದರೆ ನೋವಿಲ್ಲ, ಕರುಳಿಗೆ ಚರ್ಮದಂಥ ಸ್ಪರ್ಶಜ್ಞಾನ ಇಲ್ಲ. ಇದು ತಿಳಿದಾಗ ಎಷ್ಟೋ ಮುದುಕರ ಮುಖ ಸಡಿಲವಾಗುತ್ತಿತ್ತು. ಉಗುರುಬೆಚ್ಚಗಿನ ನೀರು, ಹಳೆಯ ಪಂಚೆಯ ಮೆತ್ತನೆ ಬಟ್ಟೆ ಸಾಕು, ಡೆಟಾಲ್ ಬೇಡ. ಅಳತೆಯ ಕಾರ್ಡಿಟ್ಟು ಸ್ಟೋಮಾದ ಸುತ್ತಳತೆ ನೋಡಿ, ಚೀಲದ ಅಂಟುಬಿಲ್ಲೆಯಲ್ಲಿ ಒಂದೆರಡು ಮಿಲಿಮೀಟರ್ ಮಾತ್ರ ದೊಡ್ಡದಾಗಿ ತೂತು ಕತ್ತರಿಸಬೇಕು. ಅಂಗೈಯಿಂದ ಒತ್ತಿ ಹಿಡಿದು ಬಿಸಿ ತಾಗಿಸಿದರೆ ಗಟ್ಟಿಯಾಗಿ ಅಂಟುತ್ತದೆ. ಮೂರನೇ ಸಲಕ್ಕೆ ನಾನು ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದೆ, ಅವರೇ ಮಾಡಬೇಕು.

ಒಬ್ಬ ಅಜ್ಜಿ ಕೈಕೆಲಸವನ್ನೆಲ್ಲ ಚೆನ್ನಾಗಿ ಕಲಿತರು. ಆದರೂ ಊಟ ಬಿಟ್ಟಿದ್ದರು. ಯಾಕೆಂದು ಕೇಳಿದರೆ ಮೊದಲು ಮಾತಾಡಲಿಲ್ಲ. ಸಂಜೆ ಸೊಸೆ ಕೆಳಗೆ ಹೋದಾಗ, "ಇದನ್ನ ಕಟ್ಕೊಂಡು ದೇವರ ಮನೆಗೆ ಹೆಂಗ್ ಹೋಗ್ಲಮ್ಮಾ? ಮಡಿ ಎಲ್ಲಿಂದ ಬಂತು ನಂಗಿನ್ನು?" ಅಂದರು. ಅದಕ್ಕೆ ಯಾವ ಪಠ್ಯಪುಸ್ತಕದಲ್ಲೂ ಉತ್ತರವಿರಲಿಲ್ಲ. "ಬೆಳಿಗ್ಗೆ ಸ್ನಾನ ಮಾಡಿ ಹೊಸ ಚೀಲ ಹಚ್ಕೊಳ್ಳಿ ಅಜ್ಜಿ, ಆಮೇಲೆ ಪೂಜೆ. ಎಲ್ಲರ ಹೊಟ್ಟೇಲಿ ಇರೋದೇ ನಿಮ್ಮ ಚೀಲದಲ್ಲೂ ಇರೋದು" ಅಂದೆ. ಅವರು ಬಹಳ ಹೊತ್ತು ಯೋಚಿಸಿ, ರಾತ್ರಿ ಗಂಜಿ ಕುಡಿದರು. ಚೆಕಪ್ಪಿಗೆ ಬಂದಾಗ ಕುಂಕುಮದ ಪ್ರಸಾದ ತಂದಿದ್ದರು.

ಔಷಧದ ಚರಿತ್ರೆಯಲ್ಲೂ ವಯಸ್ಸಾದವರು ಹೊರಗೇ ಉಳಿದರು. ಚಾರ್ಲ್ಸ್ ಹೈಡೆಲ್‌ಬರ್ಗರ್ 1957ರಲ್ಲಿ ಪ್ರಕಟಿಸಿದ 5-ಫ್ಲೋರೋಯುರಾಸಿಲ್ ಇಂದಿಗೂ ಈ ಕ್ಯಾನ್ಸರಿನ ಮುಖ್ಯ ಮದ್ದು. ಆದರೆ ಅಮೆರಿಕದಲ್ಲಿ 1999ರಲ್ಲಿ ಲೆಕ್ಕ ಹಾಕಿ ನೋಡಿದಾಗ ಕ್ಯಾನ್ಸರ್ ರೋಗಿಗಳಲ್ಲಿ ಶೇ 63 ಮಂದಿ 65 ದಾಟಿದವರು, ಔಷಧ ಪ್ರಯೋಗಗಳಲ್ಲಿ ಸೇರಿದವರಲ್ಲಿ ಶೇ 25 ಮಾತ್ರ ಆ ವಯಸ್ಸಿನವರು. ಪರೀಕ್ಷೆ ಒಬ್ಬರ ಮೇಲೆ, ರೋಗ ಇನ್ನೊಬ್ಬರಿಗೆ ಎಂಬಂತಾಗಿತ್ತು. 2001ರಲ್ಲಿ ಏಳು ಪ್ರಯೋಗಗಳ 3,351 ರೋಗಿಗಳ ವಿವರವನ್ನು ಒಟ್ಟಿಗೆ ನೋಡಿದಾಗ, ಆಪರೇಷನ್ ನಂತರದ ಈ ಔಷಧದಿಂದ 70 ದಾಟಿದವರಿಗೂ ಕಿರಿಯರಷ್ಟೇ ಲಾಭ ಎಂದು ತಿಳಿಯಿತು. ಅದರ ಜೊತೆಗೆ ಆಮೇಲೆ ಬಂದ ಆಕ್ಸಾಲಿಪ್ಲಾಟಿನ್ ಸೇರಿಸಿದರೆ 70 ದಾಟಿದವರಿಗೆ ಅಂಥ ಹೆಚ್ಚುವರಿ ಪ್ರಯೋಜನ ಕಾಣಲಿಲ್ಲ. ಹಾಗಾಗಿ ಎಲ್ಲ ಮದ್ದೂ ಎಲ್ಲರಿಗೂ ಅಲ್ಲ. ಆದರೆ ಅದನ್ನು ನಿರ್ಧರಿಸಬೇಕಾದದ್ದು ಹೃದಯ, ಕಿಡ್ನಿ, ನಡಿಗೆ, ನೆನಪು, ಊಟ, ಮನೆಯಲ್ಲಿ ನೋಡುವವರು ಇವನ್ನೆಲ್ಲ ನೋಡಿ. ಕೇಸ್ ಶೀಟಿನ ಮೇಲೆ ಬರೆದ ವಯಸ್ಸನ್ನಷ್ಟೇ ನೋಡಿ ಅಲ್ಲ.

ವಯಸ್ಸೊಂದೇ ಅಡ್ಡಿಯಲ್ಲ ಎಂಬುದಕ್ಕೆ ಒಂದು ಉದಾಹರಣೆ. 1985ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್‌ರಿಗೆ ಕೊಲೊನೋಸ್ಕೋಪಿಯಲ್ಲಿ, ಅಂದರೆ ಕರುಳಿನೊಳಗೆ ದುರ್ಬೀನಿನ ಕೊಳವೆ ಬಿಟ್ಟು ನೋಡುವ ಪರೀಕ್ಷೆಯಲ್ಲಿ, ಬಲಗಡೆಯ ದೊಡ್ಡಕರುಳಿನ ಗೆಡ್ಡೆ ಕಾಣಿಸಿತು. ಆಗ ಅವರಿಗೆ 74. ಮರುದಿನವೇ ಸುಮಾರು ಎರಡು ಅಡಿ ಕರುಳು ತೆಗೆದು ಜೋಡಿಸಿದರು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂತು. ವಾರದಲ್ಲಿ ಮನೆಗೆ ಹೋದರು, ಮತ್ತೆ ಮೂರೂವರೆ ವರ್ಷ ಅಧಿಕಾರ ನಡೆಸಿದರು. ತೀರಿಕೊಂಡದ್ದು 2004ರಲ್ಲಿ, 93ನೇ ವಯಸ್ಸಿನಲ್ಲಿ. ಅವರಿಗೆ ಚೀಲ ಬೇಕಾಗಲಿಲ್ಲ. ಬೇಗ ಗೊತ್ತಾದ ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಹೆಚ್ಚಿನವರಿಗೆ ಶಾಶ್ವತ ಚೀಲ ಬೇಕಾಗುವುದೇ ಇಲ್ಲ. ಇದನ್ನು ನಮ್ಮ ಜನ ತಿಳಿಯಬೇಕು, ಚೀಲದ ಭಯಕ್ಕೇ ಆಸ್ಪತ್ರೆಗೆ ಬಾರದವರು ತುಂಬ ಇದ್ದಾರೆ.

ವಯಸ್ಸಾದಂತೆ ಈ ಗೆಡ್ಡೆ ಬಲಗಡೆ ಹುಟ್ಟುವುದು ಹೆಚ್ಚು. ಅಲ್ಲಿ ಕರುಳು ಅಗಲ, ಮಲ ನೀರು. ಅದಕ್ಕೇ ಬೇಗ ಕಟ್ಟಿಕೊಳ್ಳುವುದಿಲ್ಲ. ಕಣ್ಣಿಗೆ ಕಾಣದಂತೆ ರಕ್ತ ಸೋರಿ ಅಜ್ಜಿ ಬಿಳಿಚಿಕೊಳ್ಳುತ್ತಾರೆ, ಮೆಟ್ಟಿಲು ಹತ್ತಿದರೆ ಏದುಸಿರು. "ವಯಸ್ಸಾಯ್ತಲ್ಲ" ಎಂದು ಕಬ್ಬಿಣದ ಮಾತ್ರೆ ಕೊಡಿಸಿ ಸುಮ್ಮನಾಗುತ್ತಾರೆ. ಎಡಗಡೆಯಾದರೆ ರಕ್ತ ಕಾಣುತ್ತದೆ, ಆಗ ಎಲ್ಲರೂ ಮೂಲವ್ಯಾಧಿ ಅನ್ನುತ್ತಾರೆ. ಗೋಡೆಬರಹ ನೋಡಿ ಪೈಲ್ಸ್ ಮದ್ದಿಗೆ ತಿಂಗಳುಗಟ್ಟಲೆ ಓಡಾಡಿ, ಹೊಟ್ಟೆ ಉಬ್ಬಿದ ಮೇಲೆ ನಮ್ಮಲ್ಲಿಗೆ ಬಂದವರನ್ನು ನಾನು ಬಹಳ ನೋಡಿದ್ದೇನೆ.

ಆದ್ದರಿಂದ ಸರ್ಕಾರಕ್ಕೆ ನನ್ನ ಬೇಡಿಕೆ ಎರಡು: ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಸ್ಟೋಮಾ ಆರೈಕೆ ಕಲಿತ ಒಬ್ಬ ನರ್ಸ್ ಇರಲಿ, ಬಡವರಿಗೆ ಚೀಲ ಬಿಟ್ಟಿ ಸಿಗಲಿ. ಮನೆಯವರಿಗೂ ಒಂದು ಮಾತು. ಮಲದಲ್ಲಿ ರಕ್ತ ಹೋಗುತ್ತಿದೆಯೇ, ಹೋಗುವ ರೀತಿ ಬದಲಾಗಿದೆಯೇ ಎಂದು ನಿಮ್ಮ ಅಪ್ಪ ಅಮ್ಮನನ್ನು ಸಂಕೋಚವಿಲ್ಲದೆ ಕೇಳಿ, ಅವರಾಗಿ ಹೇಳುವುದಿಲ್ಲ. ಕಾರಣವಿಲ್ಲದೆ ರಕ್ತ ಕಡಿಮೆಯಾಗಿದ್ದರೆ ಕೊಲೊನೋಸ್ಕೋಪಿ ಬೇಕೇ ಎಂದು ಡಾಕ್ಟರನ್ನು ನೀವೇ ಕೇಳಿ. ಆಪರೇಷನ್ ಬೇಕೋ ಬೇಡವೋ ಎಂಬುದನ್ನು ವಾರ್ಡಿನ ಬಾಗಿಲಲ್ಲಿ ನಿಂತು ನಿರ್ಧರಿಸಬೇಡಿ, ಒಳಗೆ ಹೋಗಿ ಅವರನ್ನೇ ಕೇಳಿ.